ಹುಲ್ಲಿಗೆ ತಾಗಿ ಸಾಯುವ ಗುಂಡು

ಮಾತು ಕೊಟ್ಟವಳು ಮಾರ್ವಾ, ಅದನ್ನು ಉಳಿಸಬೇಕಾದವನು ಅವಳ ತಮ್ಮ ಆಲ್ಡನ್. ಭಾನುವಾರ ಚರ್ಚಿನಿಂದ ಮರಳುವಾಗ ಅವಳು ಪಕ್ಕದ ಡೆಲ್ಬರ್ಟನ ಗೇಟಿನ ಮುಂದೆ ಪಿಕಪ್ ನಿಲ್ಲಿಸಿ, ಕಿಟಕಿಯಿಂದ ಕೈ ಚಾಚಿ, ಅವನ ಕೈ ಕುಲುಕಿ ಬಂದಿದ್ದಳು. ಆ ಸೀಮೆಯಲ್ಲಿ ಕೈ ಕುಲುಕಿದರೆ ಮುಗಿಯಿತು. ಕಾಗದ ಪತ್ರ ಯಾರೂ ಕೇಳುವುದಿಲ್ಲ.

ಆಲ್ಡನ್‌ಗೆ ವಿಷಯ ಗೊತ್ತಾದದ್ದು ಅಕ್ಕನ ಮನೆಯ ಊಟದ ಮೇಜಿನಲ್ಲಿ.

"ಏನಂತ ಮಾತು ಕೊಟ್ಟೆ?"

"ನಿನ್ನ ಗುಂಡು ಒಂದೂ ಕೂಗಲ್ಲ ಅಂತ."

"ಮಾರ್ವಾ!"

"ಏನು ಮಾರ್ವಾ? ಇಪ್ಪತ್ತೆರಡು ವರ್ಷದಿಂದ ಆ ಹಿಂದಿನ ಕೋಣೇಲಿ ಕೂತು ಮದ್ದು ತೂಗ್ತಿದೀಯ. ಆ ಹೊತ್ತಲ್ಲಿ ಮದುವೆ ಆಗಿದ್ರೆ ಮಕ್ಕಳು ಕಾಲೇಜಿಗೆ ಹೋಗ್ತಿದ್ವು. ಕೂಗದೇ ಇರೋ ಗುಂಡು ಒಂದು ಮಾಡಕ್ಕಾಗಲ್ವಾ?"

"ಆಗಬಹುದು."

"ಆಗಬಹುದು ಅಂತ ನಾನು ಹೇಳಿಲ್ಲ ಕಣೋ. ಆಗತ್ತೆ ಅಂತ ಹೇಳಿದೀನಿ. ಪೈ ತಿನ್ನು, ತಣ್ಣಗಾಗತ್ತೆ."

ಆಲ್ಡನ್ ಚಮಚ ಕೆಳಗಿಟ್ಟ. ಅವನು ರೈಲು ನಿಲ್ದಾಣದ ಪಕ್ಕದ ಗೋಧಿ ಕಣಜದಲ್ಲಿ ಲಾರಿಗಳ ತೂಕ ಬರೆಯುವವನು. ಬರೆದ ತೂಕವನ್ನು ಇನ್ನೊಮ್ಮೆ ನೋಡದೆ ಸಹಿ ಹಾಕಿದವನಲ್ಲ. ಮನೆಯಿಂದ ಹೊರಟರೆ ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದೆ ಬಂದವನು. ಇಂಥವನ ಹೆಸರಿನಲ್ಲಿ ಅಕ್ಕ ಜಗತ್ತಿನ ಅತ್ಯಂತ ಕಷ್ಟದ ಮಾತನ್ನು ಕೊಟ್ಟಿದ್ದಳು.

ಅವಳಿಗೂ ಬೇರೆ ದಾರಿ ಇರಲಿಲ್ಲ ಎನ್ನಿ. ಎರಡು ವರ್ಷದ ಹಿಂದೆ ಯಾರೋ ನೆಂಟರ ಹುಡುಗರು ಅವಳ ಹುಲ್ಲುಗಾವಲಿನಲ್ಲಿ ಬಿಲ ತೋಡುವ ನೆಲಅಳಿಲುಗಳನ್ನು ಹೊಡೆಯಲು ಬಂದು, ಸೈನ್ಯದ ಗಟ್ಟಿ ಗುಂಡುಗಳನ್ನು ಹಾರಿಸಿದ್ದರು. ಒಂದು ಗುಂಡು ತೊರೆಯ ಹತ್ತಿರದ ಜಲ್ಲಿ ನೆಲಕ್ಕೆ ತಾಗಿ ಪುಟಿದು, ಕುಂಯ್ ಎಂದು ಕೂಗುತ್ತ ಡೆಲ್ಬರ್ಟನ ಕುದುರೆ ಆವರಣದ ಮೇಲೆ ಹಾದುಹೋಯಿತು. ಯಾರಿಗೂ ತಗಲಲಿಲ್ಲ. ಆದರೆ ಡೆಲ್ಬರ್ಟ್ ಸಾಕಿದ್ದ ಬಂಡಿ ಎಳೆಯುವ ದೊಡ್ಡ ಹೆಣ್ಣು ಕುದುರೆಗಳಲ್ಲಿ ಒಂದು ಬೆದರಿ ಮುಳ್ಳುತಂತಿಗೆ ನುಗ್ಗಿ, ಎದೆಯಿಂದ ಮೊಣಕಾಲಿನವರೆಗೆ ಸೀಳಿಕೊಂಡಿತು. ಅಂದು ಮಾರ್ವಾ ಇನ್ನು ಆ ಹುಲ್ಲುಗಾವಲಿನಲ್ಲಿ ಕೋವಿಯ ಸದ್ದು ಬರುವುದಿಲ್ಲ ಎಂದು ಮೊದಲ ಸಲ ಕೈ ಕುಲುಕಿದ್ದಳು.

ಕೋವಿ ಸುಮ್ಮನಾದ ಮೇಲೆ ನೆಲಅಳಿಲುಗಳದ್ದೇ ರಾಜ್ಯ. ಇಪ್ಪತ್ತು ಎಕರೆ ಕುದುರೆಮೆಂತೆಯ ಮೇವಿನ ಗದ್ದೆ ಬಿಲಗಳಿಂದ ಜರಡಿಯಾಯಿತು. ಕಳೆದ ಜೂನಿನಲ್ಲಿ ಮಾರ್ವಾಳ ಸವಾರಿಯ ಕುದುರೆ ಓಡುತ್ತ ಓಡುತ್ತ ಬಿಲಕ್ಕೆ ಮುಂಗಾಲಿಟ್ಟಿತು. ಮೂಳೆ ಮುರಿದ ಸದ್ದು ಅವಳಿಗೆ ಜೀನಿನ ಮೇಲೆಯೇ ಕೇಳಿಸಿತು. ಅದರ ನೋವು ಕೊನೆ ಮಾಡಬೇಕಾದವಳೂ ಅವಳೇ. ಉಳಿದ ಮೂರನ್ನು ಆ ಗದ್ದೆಗೆ ಬಿಡುವಂತಿಲ್ಲ, ಕೊಯ್ಯಲು ಮೇವೂ ಇಲ್ಲ. ವಿಷ ಇಡುವ ಮಾತನ್ನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಹಿಂದೊಮ್ಮೆ ಇಟ್ಟಾಗ ಸತ್ತದ್ದು ಅವಳ ನಾಯಿ. ಹೀಗಾಗಿ ಬರುವ ಶನಿವಾರ ಲೂಯಿಸ್‌ಟೌನಿನ ವ್ಯಾಪಾರಿಯೊಬ್ಬ ಕುದುರೆ ಸಾಗಿಸುವ ಟ್ರೇಲರ್ ತಂದು ಮೂರೂ ಕುದುರೆಗಳನ್ನು ಒಯ್ಯುವುದೆಂದು ತೀರ್ಮಾನವಾಗಿತ್ತು. ಅರವತ್ತೊಂದು ವರ್ಷದಲ್ಲಿ ಮಾರ್ವಾ ಕುದುರೆಯಿಲ್ಲದೆ ಒಂದು ಬೆಳಗನ್ನೂ ಕಂಡವಳಲ್ಲ.

"ಡೆಲ್ಬರ್ಟ್ ಏನಂದ್ರು?" ಎಂದು ಆಲ್ಡನ್ ಕೇಳಿದ.

"ಶುಕ್ರವಾರದೊಳಗೆ ತೋರಿಸು ಅಂದ. ಅವನ ಕಣ್ಣೆದುರಿಗೆ. ಒಂದೇ ಒಂದು ಕೂಗಿದ್ರೂ ಮುಗೀತು ಅಂದ."

ಆ ಸಂಜೆ ಆಲ್ಡನ್ ತನ್ನ ಮನೆಯ ಹಿಂದಿನ ಕೋಣೆಯ ಬಾಗಿಲು ತೆರೆದು, ಬಹಳ ಹೊತ್ತು ಏನನ್ನೂ ಮುಟ್ಟದೆ ಕುಳಿತ. ತೋಟಾ ತಯಾರಿಸುವವರಲ್ಲಿ ಒಂದು ಕಟ್ಟಳೆ ಇದೆ: ತನ್ನ ಕೈಯ ತೋಟಾ ತನ್ನ ಕೋವಿಗೆ ಮಾತ್ರ. ಇನ್ನೊಬ್ಬ ತುಂಬಿದ್ದನ್ನು ಹಾರಿಸಬಾರದು, ತಾನು ತುಂಬಿದ್ದನ್ನು ಇನ್ನೊಬ್ಬನಿಗೆ ಕೊಡಬಾರದು. ತಪ್ಪಾದರೆ ತನ್ನ ಕೆನ್ನೆಯ ಪಕ್ಕದಲ್ಲಿ ಸಿಡಿಯಲಿ ಎಂಬುದು ಅದರ ಅರ್ಥ. ಇಪ್ಪತ್ತೆರಡು ವರ್ಷ ಆಲ್ಡನ್ ಆ ನೆರಳಿನಲ್ಲಿ ನೆಮ್ಮದಿಯಾಗಿದ್ದ. ಈ ಸಲದ ತೋಟಾ ಅವನ ಕೋವಿಯಿಂದಲೇ ಹಾರಿದರೂ ಅವನಿಗೆ ಸೇರಿದ್ದಾಗಿರಲಿಲ್ಲ. ಅದು ಮೂರು ಕುದುರೆಗಳದ್ದು, ಜೊತೆಗೆ ಡೆಲ್ಬರ್ಟನ ಆರು.

ಮೇಜಿನ ಮೇಲೆ ಅವನು ಮೂರು ಬಗೆಯ ಗುಂಡುಗಳನ್ನು ಸಾಲಾಗಿ ನಿಲ್ಲಿಸಿದ. ಮೂರೂ ಒಂದೇ ದಪ್ಪ, ಕಿರುಬೆರಳಿನ ಉಗುರಿಗಿಂತ ಸಣ್ಣವು. ಹೊರಗೆ ತಾಮ್ರದ ಅಂಗಿ, ಒಳಗೆ ಸೀಸ. ವ್ಯತ್ಯಾಸವೆಲ್ಲ ಅಂಗಿಯಲ್ಲಿ. ಜಿಂಕೆಗೆ ಹೊಡೆಯುವ ಮೊದಲನೆಯದರ ಅಂಗಿ ದಪ್ಪ. ಎರಡನೆಯದು ಐವತ್ತು ಗ್ರೇನ್, ಅಂದರೆ ಮೂರು ಗ್ರಾಮಿಗೆ ತುಸು ಮೇಲೆ, ತೂಕದ್ದು, ನಡುವಣದ್ದು. ಮೂರನೆಯದು ನಲವತ್ತು ಗ್ರೇನಿನದು, ಅದರ ಅಂಗಿ ಈರುಳ್ಳಿಯ ಹೊರಸಿಪ್ಪೆಯಷ್ಟು ತೆಳು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿತ್ತು. ಗುಂಡು ಪುಟಿಯಬಾರದೆಂದರೆ ಅದು ಇಡಿಯಾಗಿ ಉಳಿಯಬಾರದು. ನೆಲಕ್ಕೆ, ಕಡ್ಡಿಗೆ, ಹುಲ್ಲಿಗೆ ತಾಗಿದ ಕೂಡಲೇ ಪುಡಿಯಾಗಬೇಕು. ಅವನು ಮೂರನೆಯದನ್ನು ಆರಿಸಿದ.

ಇನ್ನು ಮದ್ದು. ಕಪಾಟಿನಲ್ಲಿ ಮೂರು ಡಬ್ಬಿ ಇದ್ದವು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ, ಅದನ್ನು ಒಳಗಿಟ್ಟು ಬೀಗ ಹಾಕಿದ ಮೇಲೆಯೇ ಇನ್ನೊಂದು ಹೊರಗೆ. ಹೊರಗಿನವರಿಗೆ ಮೂರೂ ಒಂದೇ ಬೂದುಗಪ್ಪು ಪುಡಿ. ಅವನಿಗೆ ಮೂರು ಸ್ವಭಾವ. ಒಂದು ಸಾಸಿವೆಯಂತೆ ದುಂಡಗೆ, ಅಳತೆಯ ಕೊಳವೆಯಲ್ಲಿ ನೀರಿನಂತೆ ಇಳಿಯುವುದು. ಉಳಿದೆರಡು ಮುರಿದ ಪೆನ್ಸಿಲ್ ಸೀಸದಂಥ ಕಡ್ಡಿಗಳು, ಇಳಿಯುವಾಗ ಕಚ್ ಎಂದು ತುಂಡಾಗುವವು. ಆ ಎರಡರಲ್ಲಿ ಒಂದು ಗಬಕ್ಕನೆ ಉರಿದು ಗುಂಡನ್ನು ಒದೆಯುತ್ತದೆ. ಇನ್ನೊಂದು ನಿಧಾನವಾಗಿ ಉರಿದು, ನಳಿಗೆಯ ಉದ್ದಕ್ಕೂ ಬೆನ್ನ ಮೇಲೆ ಕೈಯಿಟ್ಟು ತಳ್ಳಿದಂತೆ ತಳ್ಳುತ್ತದೆ. ಎಂಥ ಪದಾರ್ಥವಿದು ಎಂದು ಅವನಿಗೆ ಇಷ್ಟು ವರ್ಷವಾದರೂ ಬೆರಗು ಕಡಿಮೆಯಾಗಿರಲಿಲ್ಲ. ಅಂಗೈಯಲ್ಲಿ ಸುರಿದುಕೊಂಡರೆ ತೂಕವೇ ತಿಳಿಯದು. ಚಮಚದಷ್ಟು ಅದು ಒಂದು ಲೋಹದ ತುಂಡನ್ನು ಸದ್ದಿಗಿಂತ ಮೂರು ಪಟ್ಟು ವೇಗದಲ್ಲಿ ಓಡಿಸುತ್ತದೆ.

ವೇಗ ಹೆಚ್ಚಿದಷ್ಟೂ ಗುಂಡು ಚೆನ್ನಾಗಿ ಪುಡಿಯಾಗುತ್ತದೆ ಎಂದು ಲೆಕ್ಕ ಹಾಕಿ ಅವನು ಅತಿ ಹೆಚ್ಚು ವೇಗ ಕೊಡುವ ಡಬ್ಬಿಯನ್ನು ತೆಗೆದ. ಮದ್ದಿನ ಅಳತೆಗಳ ಪುಸ್ತಕ ತೆರೆದು, ಅತಿ ಕಡಿಮೆ ಅಳತೆಯಿಂದ ಶುರುಮಾಡಿ, ಒಂದೊಂದನ್ನೂ ತಕ್ಕಡಿಗೆ ಹಾಕಿ ತೂಗಿದ. ಹದಿನೈದು ತೋಟಾ ಆಗುವಷ್ಟರಲ್ಲಿ ಅವನು ತೊಟ್ಟ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

ಮಂಗಳವಾರ ಬೆಳಿಗ್ಗೆ ಕಣಜಕ್ಕೆ ಹೋಗುವ ಮುಂಚೆ ಅವನು ಮಾರ್ವಾಳ ಹುಲ್ಲಿನ ಕೊಟ್ಟಿಗೆಯ ದಿಬ್ಬದ ಮೇಲೆ ಮೇಜು ಹಾಕಿದ. ಎದುರಿಗೆ ನೂರು ಗಜದಲ್ಲಿ ಗುರಿಯ ಕಾಗದ, ಅದರ ಹಿಂದೆ ತೊರೆಯ ಎತ್ತರದ ಮಣ್ಣಿನ ದಂಡೆ. ಮೇಜಿನ ಮುಂದೆ ವೇಗ ಅಳೆಯುವ ಪೆಟ್ಟಿಗೆ. ಮಾರ್ವಾ ಕಾಫಿಯ ಲೋಟ ಹಿಡಿದು ದೂರದರ್ಶಕದ ಹಿಂದೆ ಕುಳಿತಳು.

ಮೊದಲ ಈಡು. ಪೆಟ್ಟಿಗೆ ಸೆಕೆಂಡಿಗೆ ಮೂರು ಸಾವಿರದ ಒಂಬೈನೂರು ಅಡಿ ಎಂದಿತು.

"ಎಲ್ಲಿ ಬಿತ್ತು?"

"ಕಾಗದದಲ್ಲಿ ಇಲ್ಲ" ಎಂದಳು ಮಾರ್ವಾ.

ಎರಡನೆಯದು. ಮೂರನೆಯದು. ಐದು ಮುಗಿಯಿತು.

"ಲೋ, ನಿನ್ನ ಗುಂಡು ಕೂಗ್ತಿಲ್ಲ, ನಿಜ. ಹೋಗ್ತಾನೂ ಇಲ್ಲ."

"ದೂರದರ್ಶಕ ಸರಿಯಾಗಿ ತಿರುಗಿಸಿಕೋ."

"ಕಾಗದದ ಮೇಲೆ ನೊಣ ಕೂತಿರೋದು ಕಾಣ್ತಿದೆ ಕಣೋ. ನೊಣದ ಕಾಲು ಎಣಿಸ್ಲಾ?"

ಆಲ್ಡನ್ ಎದ್ದ. ಕೋವಿಯ ದರ್ಶಕ ಸಡಿಲವಾಗಿದೆಯೇ ಎಂದು ನೋಡಿದ, ತಿರುಪು ನೋಡಿದ, ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಕೋವಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಎಲ್ಲವೂ ಸರಿಯಾಗಿತ್ತು. ಗುಂಡು ಹೊರಟದ್ದಕ್ಕೆ ಪೆಟ್ಟಿಗೆ ಸಾಕ್ಷಿ ಹೇಳುತ್ತಿತ್ತು. ತಲುಪಿದ್ದಕ್ಕೆ ಸಾಕ್ಷಿಯೇ ಇರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಡೆಲ್ಬರ್ಟನ ದನಿ ಕೇಳಿತು. ಎಪ್ಪತ್ತನಾಲ್ಕರ ಮುದುಕ, ಯಾವಾಗ ಬಂದು ಪಿಕಪ್ಪಿನ ಬದಿಗೆ ಒರಗಿ ನಿಂತಿದ್ದನೋ ಇವರಿಗೆ ತಿಳಿದಿರಲಿಲ್ಲ.

"ಹೊಗೆ ಬರ್ತಿದೆ."

"ಎಲ್ಲಿ?" ಎಂದು ಆಲ್ಡನ್ ತಿರುಗಿದ.

"ಆ ಒಂಟಿ ಬೇಲಿ ಕಂಬದ ನೇರಕ್ಕೆ, ನಡುದಾರೀಲಿ. ಪೆನ್ಸಿಲ್‌ನಲ್ಲಿ ಗೀರಿದ ಹಾಗೆ. ಪ್ರತಿ ಸಲಾನೂ ಬಂತು. ನೀನು ಕಣ್ಣು ಕೋವಿಗೆ ಇಟ್ಕೊಂಡಿದ್ದೆ, ಇವಳು ಕಾಗದ ನೋಡ್ತಿದ್ಳು. ನಡುವೆ ನೋಡೋರು ಯಾರೂ ಇರ್ಲಿಲ್ಲ."

ಆಲ್ಡನ್ ಮಾರ್ವಾಳನ್ನು ಕೋವಿಯ ಹಿಂದೆ ಕೂರಿಸಿ, ತಾನು ಅವಳ ಹೆಗಲ ಮೇಲಿಂದ ನೋಡಿದ. ಕಟ್ಟಳೆ ಮುರಿಯುತ್ತಿದ್ದೇನೆ ಎಂಬುದು ಕೂಡ ಅವನಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಸೂರ್ಯ ಎಡಗಡೆ ಇನ್ನೂ ತಗ್ಗಿನಲ್ಲಿದ್ದ, ತೊರೆಯ ದಂಡೆ ನೆರಳಿನಲ್ಲಿತ್ತು. ಮಾರ್ವಾ ಹೊಡೆದಳು.

ಆಗ ಅವನು ಕಂಡ. ನೆರಳಿನ ಮುಂದೆ, ಐವತ್ತು ಗಜದಾಚೆ, ಒಂದು ಬೂದುಬಣ್ಣದ ಗೆರೆ ಹುಟ್ಟಿತು. ನೇರ ಗೆರೆಯಲ್ಲ, ತಿರುಚಿದ ನೂಲಿನಂಥದ್ದು. ತುದಿಯಲ್ಲಿ ಅಗಲವಾಗಿ, ಒಂದು ಉಸಿರಿನಷ್ಟು ಹೊತ್ತು ನಿಂತು, ಬೆಳಗಿನ ಗಾಳಿಗೆ ಬಾಗಿ ಕರಗಿತು. ಅದಕ್ಕೆ ಯಾವುದೂ ತಾಗಿರಲಿಲ್ಲ. ಹುಲ್ಲು ಅದಕ್ಕಿಂತ ಒಂದು ಮೊಳ ಕೆಳಗಿತ್ತು. ಗಟ್ಟಿ ಲೋಹ ಬರಿ ಬಯಲಿನಲ್ಲಿ, ಗಾಳಿಯಲ್ಲಿ, ತಾನೇ ತಾನಾಗಿ ಧೂಳಾಗಿತ್ತು.

ಡೆಲ್ಬರ್ಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಇದೇ ಒಳ್ಳೇದಲ್ವಾ?" ಎಂದ ಕೊನೆಗೆ. "ಸದ್ದಿದೆ, ಯಾರಿಗೂ ತಗಲೋದಿಲ್ಲ. ಇದಕ್ಕಾದ್ರೆ ಇವತ್ತೇ ಒಪ್ಪಿಗೆ."

"ನೆಲಅಳಿಲು ನಗ್ತಾ ನಗ್ತಾ ಸಾಯ್ಬೇಕಾ?" ಎಂದಳು ಮಾರ್ವಾ. ಆದರೆ ಅವಳ ದನಿಯೂ ತಗ್ಗಿತ್ತು.

ಆಲ್ಡನ್‌ಗೆ ಮಾತ್ರ ನಗು ಬರಲಿಲ್ಲ. ತನ್ನ ತಪ್ಪು ಅವನಿಗೆ ಗೊತ್ತಾಗಿತ್ತು. ವೇಗವನ್ನು ಲೆಕ್ಕ ಹಾಕಿದ್ದ, ತಿರುವನ್ನು ಮರೆತಿದ್ದ. ನಳಿಗೆಯ ಒಳಗೆ ಕೊರೆದ ಸುರುಳಿ ಗೆರೆಗಳೇ ಗುಂಡನ್ನು ಬುಗುರಿಯಂತೆ ತಿರುಗಿಸುವುದು. ಅವನ ಹಳೆಯ ನಳಿಗೆಯಲ್ಲಿ ಹದಿನಾಲ್ಕು ಅಂಗುಲಕ್ಕೆ ಒಂದು ಸುತ್ತು. ಕಳೆದ ಚಳಿಗಾಲದಲ್ಲಿ ಉದ್ದದ ಗುಂಡುಗಳಿಗೆಂದು ಹಾಕಿಸಿದ ಹೊಸ ನಳಿಗೆಯಲ್ಲಿ ಎಂಟು ಅಂಗುಲಕ್ಕೆ ಒಂದು. ಈರುಳ್ಳಿ ಸಿಪ್ಪೆಯ ಆ ಗುಂಡು ನಿಧಾನದ ಸಣ್ಣ ಕೋವಿಗಳಿಗೆ ಮಾಡಿದ್ದು ಎಂದು ಗುಂಡಿನ ಪೆಟ್ಟಿಗೆಯ ಬದಿಯಲ್ಲಿ ಅಚ್ಚಾಗಿತ್ತು. ಅವನು ಅದನ್ನು ಹತ್ತು ವರ್ಷದ ಹಿಂದೆ ಓದಿದ್ದ. ಓದಿದ್ದೇನೆ ಎಂಬ ಧೈರ್ಯದಿಂದಲೇ ಮತ್ತೆ ಓದಿರಲಿಲ್ಲ.

ಕಣಜದಲ್ಲಿ ಆ ದಿನ ಲಾರಿಗಳ ನಡುವೆ ಅವನು ಚೀಟಿಯ ಹಿಂಬದಿಯಲ್ಲಿ ಗುಣಿಸಿ ಭಾಗಿಸಿದ. ಉತ್ತರ ಬಂದಾಗ ನಂಬದೆ ಇನ್ನೊಮ್ಮೆ ಮಾಡಿದ. ಒಂದು ಸೆಕೆಂಡಿಗೆ ಐದು ಸಾವಿರದ ಎಂಟುನೂರ ಐವತ್ತು ಸುತ್ತು. ಒಂದೇ ಸೆಕೆಂಡಿನಲ್ಲಿ ಅಷ್ಟು ಸಲ ತಿರುಗುವ ವಸ್ತು ಹೊರಗೆ ಹೊರಗೆ ಎಂದು ತನ್ನನ್ನೇ ಎಳೆಯುತ್ತದೆ. ತೆಳು ಅಂಗಿ ಎಷ್ಟು ಹೊತ್ತು ತಡೆದೀತು! ಒಡೆದದ್ದು ಸೋಜಿಗವಲ್ಲ. ಐವತ್ತು ಗಜ ಹೋದದ್ದೇ ಸೋಜಿಗ. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.

ಸಂಜೆ ಕೋಣೆಯಲ್ಲಿ ಕುಳಿತಾಗ ಆಲ್ಡನ್‌ಗೆ ಕೆಲಸದ ನಿಜವಾದ ಅಳತೆ ಕಂಡಿತು. ಅವನಿಗೆ ಬೇಕಾದ ಗುಂಡು ಗಾಳಿಯಲ್ಲಿ ಬದುಕಬೇಕು, ಹುಲ್ಲಿನಲ್ಲಿ ಸಾಯಬೇಕು. ಎರಡರ ನಡುವೆ ಇರುವ ಜಾಗ ಬಾಗಿಲ ಸಂದಿಯಷ್ಟು. ಅಂಗಿ ಸ್ವಲ್ಪ ದಪ್ಪವಾದರೆ ಪುಟಿಯುತ್ತದೆ, ಸ್ವಲ್ಪ ತೆಳುವಾದರೆ ತಲುಪುವುದಿಲ್ಲ. ಮದ್ದು ಸ್ವಲ್ಪ ಜೋರಾದರೆ ದಾರಿಯಲ್ಲೇ ಧೂಳು, ಸ್ವಲ್ಪ ಮೆತ್ತಗಾದರೆ ಜಲ್ಲಿಗೆ ಬಡಿದು ಇಡಿಯಾಗಿ ಎದ್ದು ಹಾರುತ್ತದೆ.

ಇದು ತನ್ನ ಕೈಲಾಗುವ ಕೆಲಸವಲ್ಲ ಎಂದುಕೊಂಡ. ಅಕ್ಕನಿಗೆ ಫೋನ್ ಮಾಡಿ ಹೇಳಿಬಿಡಲೇ ಎಂದು ಎದ್ದೂ ನಿಂತ. ಆಮೇಲೆ ಟ್ರೇಲರಿನ ಹಿಂಬಾಗಿಲು ಮುಚ್ಚುವ ಸದ್ದನ್ನು ನೆನೆದು ಮತ್ತೆ ಕುಳಿತ.

ನಡುವಣ ಗುಂಡನ್ನು ತೆಗೆದುಕೊಂಡ. ಜೋರು ಮದ್ದಿನ ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿ, ಅಳತೆಯ ಕೊಳವೆಯನ್ನು ತಲೆಕೆಳಗು ಮಾಡಿ ತಟ್ಟಿ, ಒಂದು ಕಾಳೂ ಉಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿದ ಮೇಲೆ, ನಿಧಾನದ ಕಡ್ಡಿಮದ್ದನ್ನು ಹೊರತೆಗೆದ. ಪುಸ್ತಕದ ಆ ಗುಂಡಿನ ಪುಟವನ್ನು ಓದಿದ. ಗುಂಡಿನ ಪೆಟ್ಟಿಗೆಯ ನಾಲ್ಕೂ ಬದಿಯನ್ನು ಓದಿದ. ನಾಲ್ಕು ಹೆಜ್ಜೆಯಲ್ಲಿ ಮದ್ದನ್ನು ಏರಿಸುತ್ತ ಆರಾರು ತೋಟಾ ತುಂಬಿ, ಹಿತ್ತಾಳೆಯ ಬುಡಕ್ಕೆ ಬೇರೆ ಬೇರೆ ಬಣ್ಣದ ಶಾಯಿ ಹಚ್ಚಿದ.

ಗುರುವಾರ ಬೆಳಿಗ್ಗೆ ದಿಬ್ಬದ ಮೇಲೆ ಮೊದಲ ಹೆಜ್ಜೆಯ ತೋಟಾಗಳು ಕಾಗದ ತಲುಪಿದವು, ಆದರೆ ಕೈಹಿಡಿಯಷ್ಟು ಚೆದುರಿ. ಎರಡನೆಯವು ಸ್ವಲ್ಪ ಹತ್ತಿರ. ಮೂರನೆಯ ಹೆಜ್ಜೆಗೆ, ಹಸಿರು ಶಾಯಿಯವುಗಳಿಗೆ, ಮಾರ್ವಾ ದೂರದರ್ಶಕದಿಂದ ಕಣ್ಣು ತೆಗೆದು ಅವನನ್ನು ನೋಡಿದಳು.

"ಎಷ್ಟು ಹೊಡೆದೆ?"

"ಐದು."

"ತೂತು ಒಂದೇ ಇದೆ."

ಇಬ್ಬರೂ ನಡೆದು ಹೋಗಿ ನೋಡಿದರು. ಒಂದೇ ತೂತು, ಅಂಚು ಮಾತ್ರ ಐದೆಸಳಿನ ಹೂವಿನಂತೆ. ಐದು ಬೇರೆ ಬೇರೆ ಕ್ಷಣ, ಐದು ಬೇರೆ ಉಸಿರು, ಐದು ಸಲ ಹುಟ್ಟಿ ಸತ್ತ ಗಾಳಿ. ಆದರೂ ಐದೂ ಒಂದೇ ಬಾಗಿಲಿನಿಂದ ಹೋಗಿದ್ದವು. ಆಲ್ಡನ್ ನಾಲ್ಕನೆಯ ಹೆಜ್ಜೆಯ ತೋಟಾಗಳನ್ನು ಮುಟ್ಟಲೇ ಇಲ್ಲ.

ಆಮೇಲೆ ಅವನು ಕಾಗದದ ಮುಂದೆ ಎರಡು ಗಜ ಅಂತರದಲ್ಲಿ ಒಣ ಹುಲ್ಲಿನ ಒಂದು ಹಿಡಿಯನ್ನು ಸಡಿಲವಾಗಿ ಕಟ್ಟಿ ನಿಲ್ಲಿಸಿ, ಉಳಿದ ಒಂದು ಹಸಿರು ತೋಟಾವನ್ನು ಅದರ ಮೂಲಕ ಹೊಡೆದ. ಈ ಸಲ ಕಾಗದದಲ್ಲಿ ತೂತಿರಲಿಲ್ಲ. ರವೆ ಎರಚಿದಂತೆ ನೂರಾರು ಚುಕ್ಕೆಗಳಿದ್ದವು. ನಾಲ್ಕಾರು ಹುಲ್ಲುಕಡ್ಡಿ ಗುಂಡನ್ನು ಮುರಿದಿದ್ದವು. ಮಾರ್ವಾ ಒಂದು ಕಡ್ಡಿಯನ್ನು ಎತ್ತಿಕೊಂಡು, ಇದೇನಾ ಎಂಬಂತೆ ಬಿಸಿಲಿಗೆ ಹಿಡಿದಳು.

"ನಾಳೆ ಅವನಿಗೆ ಇದನ್ನೇ ತೋರಿಸೋಣ" ಎಂದಳು.

ಆದರೆ ಡೆಲ್ಬರ್ಟ್ ಹುಲ್ಲು ನೋಡಿ ಒಪ್ಪುವ ಮನುಷ್ಯನಲ್ಲ. ಶುಕ್ರವಾರ ಅವನು ತನ್ನ ಕುದುರೆಗಳನ್ನೆಲ್ಲ ಆಚೆ ದಿಕ್ಕಿನ ಲಾಯಕ್ಕೆ ಸೇರಿಸಿ ಬಂದು, ಮಡಿಸುವ ಕುರ್ಚಿಯನ್ನು ಆಲ್ಡನ್‌ನ ಮೇಜಿನ ಹಿಂದೆ ಹಾಕಿದ. ಬೆರಳು ಚಾಚಿ ತೋರಿಸಿದ.

"ಅಲ್ಲಿ ಹೊಡಿ."

ತೋರಿಸಿದ್ದು ತೊರೆಯ ಅಂಚಿನ ಜಲ್ಲಿ ನೆಲವನ್ನು. ಎರಡು ವರ್ಷದ ಹಿಂದೆ ಗುಂಡು ಪುಟಿದದ್ದು ಅಲ್ಲಿಂದಲೇ.

"ಡೆಲ್, ಅದು ಅನ್ಯಾಯ" ಎಂದಳು ಮಾರ್ವಾ. "ಅಲ್ಲಿರೋದು ಬರೀ ಕಲ್ಲು."

"ನನ್ನ ಕುದುರೆ ಹೆದರಿದ್ದು ಹುಲ್ಲಿಗಲ್ಲ, ಮಾರ್ವಾ. ಇಪ್ಪತ್ತು ಹೊಡೀಲಿ. ಒಂದು ಕಿವಿ ಹೋಗಿದೆ ನಂದು, ಇನ್ನೊಂದು ಸರಿಯಾಗೇ ಇದೆ."

ಆಲ್ಡನ್ ರಾತ್ರಿ ಕೂತು ತುಂಬಿದ್ದ ಹಸಿರು ಶಾಯಿಯ ತೋಟಾಗಳನ್ನು ಹೊರತೆಗೆದ, ಹಿಂದಿನ ದಂಡೆಯನ್ನು ನೋಡಿದ, ಎಡಬಲ ನೋಡಿದ, ಆಚೆ ದಾರಿಯಲ್ಲಿ ಯಾರೂ ಇಲ್ಲವೆಂದು ದೂರದರ್ಶಕದಲ್ಲಿ ಇನ್ನೊಮ್ಮೆ ನೋಡಿದ. ನಂತರ ಹೊಡೆದ. ಜಲ್ಲಿಯ ಮೇಲೆ ಬೂದು ಧೂಳು ಪುಸ್ಸೆಂದು ಎದ್ದಿತು. ಮೂವರೂ ಉಸಿರು ಹಿಡಿದು ಕಿವಿಗೊಟ್ಟರು. ಸದ್ದು ದಂಡೆಗೆ ತಾಗಿ ಮರಳಿತು, ಅದರ ಹಿಂದೆ ಮೌನ. ಎಂಥ ಮೌನವೆಂದರೆ ಕೊಟ್ಟಿಗೆಯ ತಗಡು ಬಿಸಿಲಿಗೆ ಟಿಕ್ ಎಂದದ್ದೂ ಕೇಳಿಸಿತು.

"ಒಂದು" ಎಂದ ಡೆಲ್ಬರ್ಟ್.

ಎರಡು, ಮೂರು, ಆರು. ಒಂಬತ್ತು. ಪ್ರತಿ ಸಲವೂ ಅದೇ ಪುಸ್, ಅದೇ ಮೌನ. ಹತ್ತರ ಹೊತ್ತಿಗೆ ಮಾರ್ವಾ ಎದ್ದು ಓಡಾಡತೊಡಗಿದಳು. ಹದಿಮೂರನೆಯದಕ್ಕೆ ಜಲ್ಲಿಯಿಂದ ಒಂದು ದನಿ ಎದ್ದಿತು. ಝೂಂ... ಎಂದು, ತೆಳ್ಳಗೆ, ಬಲಕ್ಕೆ ಹೋಗಿ ಹುಲ್ಲಿನಲ್ಲಿ ಕರಗಿತು.

ಡೆಲ್ಬರ್ಟನ ಮುಖ ಬಿಳಿಚಿಕೊಂಡಿತ್ತು. ಕೈಗಳು ಕುರ್ಚಿಯ ತೋಳನ್ನು ಹಿಡಿದಿದ್ದವು.

"ಅದು ಗುಂಡಲ್ಲ" ಎಂದಳು ಮಾರ್ವಾ ತಡವರಿಸಿ. "ಅದು ಬೇರೆ ಥರ ಇತ್ತು. ಆಲ್ಡನ್, ಹೇಳೋ."

ಆಲ್ಡನ್ ಕೋವಿ ಬರಿದು ಮಾಡಿ, ಅದರ ತೋಟಾ ತುಂಬುವ ಬಾಯಿ ತೆರೆದಿಟ್ಟು, ಇಳಿಜಾರಿನಲ್ಲಿ ನಡೆದ. ಅವರಿಬ್ಬರೂ ಹಿಂದೆ ಬಂದರು. ಜಲ್ಲಿಯಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಹದಿಮೂರು ಕಡೆ ಬೂದು ನಕ್ಷತ್ರಗಳು ಬಿದ್ದಿದ್ದವು. ಕಲ್ಲಿನ ಮೇಲೆ ಯಾರೋ ತೆಳುವಾಗಿ ಬಣ್ಣ ಊದಿದ ಹಾಗೆ, ನಡುವೆ ದಟ್ಟ, ಸುತ್ತ ಕಿರಣ ಕಿರಣ. ಅಷ್ಟೇ ಉಳಿದದ್ದು. ಮನುಷ್ಯನ ಕಣ್ಣಿಗೆ ಸಿಗದ ವೇಗದಲ್ಲಿ ಬಂದ ಲೋಹದಲ್ಲಿ ಕೈಗೆ ಸಿಗುವಂಥ ಒಂದು ತುಣುಕೂ ಇರಲಿಲ್ಲ. ಕೊನೆಯ ನಕ್ಷತ್ರವಿದ್ದ ಕಲ್ಲಿನ ಅಂಚು ಮಾತ್ರ ಹೊಸದಾಗಿ ಒಡೆದು, ಬಿಳಿಯಾಗಿ ಹೊಳೆಯುತ್ತಿತ್ತು.

ಡೆಲ್ಬರ್ಟ್ ಮೊಣಕಾಲೂರಿ ಕುಳಿತ. ಹೆಬ್ಬೆರಳಿನಿಂದ ಬೂದು ಗುರುತನ್ನು ಉಜ್ಜಿದ. ಇನ್ನೊಂದನ್ನು ಉಜ್ಜಿದ. ಬೆರಳು ನೋಡಿಕೊಂಡ.

"ಇಷ್ಟೇನಾ?" ಎಂದ. ಅವನ ದನಿಯಲ್ಲಿ ಕೋಪ ಹುಡುಕಿದರೂ ಸಿಗುತ್ತಿರಲಿಲ್ಲ. "ಇಡೀ ಗುಂಡು ಇಷ್ಟೇನಾ?"

"ಇಷ್ಟೇ" ಎಂದ ಆಲ್ಡನ್. "ಕೂಗಿದ್ದು ಕಲ್ಲಿನ ಚೂರು. ಇಲ್ಲಿಂದ ಎದ್ದು ಆ ಕಡೆ ಹೋಗಿದೆ."

"ನೋಡಿದ್ಯಾ ಡೆಲ್?" ಎಂದು ಮಾರ್ವಾ ಎರಡೂ ಕೈ ಚಾಚಿದಳು. "ಗುಂಡು ಕೂಗಲ್ಲ ಅಂದಿದ್ದೆ, ಕೂಗ್ಲಿಲ್ಲ. ಕಲ್ಲಿನ ಬಗ್ಗೆ ನಾನು ಮಾತು ಕೊಟ್ಟಿರ್ಲಿಲ್ಲ."

ಡೆಲ್ಬರ್ಟ್ ನಿಧಾನವಾಗಿ ತಲೆಯಾಡಿಸುತ್ತಿದ್ದ. ಒಪ್ಪುವುದರಲ್ಲಿದ್ದ, ಅದು ಇಬ್ಬರಿಗೂ ಕಾಣುತ್ತಿತ್ತು. ಆಲ್ಡನ್ ಸುಮ್ಮನಿದ್ದರೆ ಸಾಕಿತ್ತು.

"ಮಾರ್ವಾ, ತಡಿ" ಎಂದ ಅವನು.

"ಏನು ತಡಿ?"

"ಕುದುರೆಗೆ ಅದು ಗುಂಡೋ ಕಲ್ಲೋ ಗೊತ್ತಾಗಲ್ಲ. ಚೂರು ಎಷ್ಟು ದೂರ ಹೋಗತ್ತೆ ಅಂತ ನನಗೂ ಗೊತ್ತಿಲ್ಲ. ಗುಂಡು ನನ್ನ ಕೈಲಿದೆ, ಅದನ್ನ ತೂಗಬಹುದು, ಆರಿಸಬಹುದು. ಕಲ್ಲು ನನ್ನ ಕೈಲಿಲ್ಲ." ಅಕ್ಕನ ಮುಖ ನೋಡುವ ಧೈರ್ಯವಾಗದೆ ಕಲ್ಲನ್ನೇ ನೋಡುತ್ತ ಹೇಳಿದ, "ಜಲ್ಲಿ ಮೇಲೆ ಕೂತಿರೋದನ್ನ ನಾನು ಹೊಡಿಯಲ್ಲ. ಹುಲ್ಲಲ್ಲಿ, ಮಣ್ಣಲ್ಲಿ ಇರೋದು ಮಾತ್ರ. ಡೆಲ್ಬರ್ಟ್, ಅಷ್ಟಕ್ಕೆ ನಾನು ಮಾತು ಕೊಡ್ತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

"ಅಯ್ಯೋ ದೇವ್ರೇ" ಎಂದಳು ಮಾರ್ವಾ. "ಗೆದ್ದ ಮೇಲೆ ಸೋಲೋಕೆ ಇವನನ್ನ ಕೇಳ್ಬೇಕು. ಜಲ್ಲೀಲಿ ಇರೋವು ಮತ್ತೆ ಮರಿ ಹಾಕಲ್ವೇನೋ?"

"ಹಾಕ್ತವೆ. ಹುಲ್ಲಿಗೆ ಬಂದಾಗ ನೋಡೋಣ."

ಡೆಲ್ಬರ್ಟ್ ಎದ್ದು ನಿಂತು, ಮೊಣಕಾಲಿನ ಧೂಳು ಕೊಡವಿಕೊಂಡು, ದಿಬ್ಬ ಹತ್ತಿ ಹೋದ. ಪಿಕಪ್ಪಿನ ಬಾಗಿಲು ತೆರೆದ ಸದ್ದು ಕೇಳಿತು. ಹೋಗಿಯೇಬಿಟ್ಟ ಎಂದುಕೊಂಡರು ಇಬ್ಬರೂ. ಸ್ವಲ್ಪ ಹೊತ್ತಿಗೆ ಅವನು ಒಂದು ಕಂತೆ ಬೇಲಿಗೂಟಗಳನ್ನು ಹೆಗಲ ಮೇಲೆ ಹೊತ್ತು ಇಳಿದು ಬಂದ. ಕುದುರೆಗಳಿಗೆ ವಿದ್ಯುತ್ ತಂತಿ ಕಟ್ಟುವಾಗ ಕಾಲಿನಿಂದ ಒತ್ತಿ ನೆಡುವ ತೆಳು ಗೂಟಗಳು.

"ಜಲ್ಲಿ ಎಲ್ಲಿ ಶುರುವಾಗತ್ತೆ?" ಎಂದ.

"ಇಲ್ಲಿ" ಎಂದ ಆಲ್ಡನ್.

"ಇಲ್ಲೂ ಇದೆ ನೋಡು, ಹುಲ್ಲಿನ ಕೆಳಗೆ. ಎರಡು ಹೆಜ್ಜೆ ಮುಂದೆ ಹಾಕು."

"ಅದು ಒಂದೇ ಕಲ್ಲು, ಡೆಲ್" ಎಂದಳು ಮಾರ್ವಾ.

"ಇವನ ಗುಂಡೂ ಒಂದು ಸಲಕ್ಕೆ ಒಂದೇ ಅಲ್ವಾ?"

ಮೂವರೂ ಗೂಟ ನೆಟ್ಟರು. ಪ್ರತಿ ಗೂಟಕ್ಕೂ ಜಗಳವಾಯಿತು. ಡೆಲ್ಬರ್ಟ್ ಒಂದು ಹೆಜ್ಜೆ ಎಳೆದರೆ ಮಾರ್ವಾ ಅರ್ಧ ಹೆಜ್ಜೆ ಹಿಂದಕ್ಕೆ ಎಳೆದಳು. ಆಲ್ಡನ್ ಕಲ್ಲು ಕೆದಕಿ ನೋಡಿ ತೀರ್ಪು ಹೇಳಿದ. ಹತ್ತೊಂಬತ್ತು ಗೂಟ ಆದಾಗ ಇಪ್ಪತ್ತು ಎಕರೆಯಲ್ಲಿ ಹದಿನೇಳು ಉಳಿದಿತ್ತು.

"ಸೋಮವಾರದಿಂದ" ಎಂದ ಡೆಲ್ಬರ್ಟ್. "ಬೆಳಿಗ್ಗೆ ಆರರಿಂದ ಒಂಬತ್ತು. ಅಷ್ಟೊತ್ತು ನನ್ನವನ್ನ ಲಾಯದಲ್ಲಿ ಕಟ್ಕೋತೀನಿ. ಹೊಡಿಯೋದು ಇವನು ಮಾತ್ರ. ಇವನು ತುಂಬಿದ ತೋಟಾ ಮಾತ್ರ. ನೆಂಟರು ಪಂಟರು ಬಂದ್ರೆ ಕಾಫಿ ಕೊಟ್ಟು ಕಳ್ಸು."

ಅವನು ಕೈ ಚಾಚಿದ. ಈ ಸಲ ಚಾಚಿದ್ದು ಆಲ್ಡನ್‌ಗೆ. ಆಲ್ಡನ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಡಿದ.

ಮಾರ್ವಾ ಆಗಲೇ ಫೋನ್ ಕಿವಿಗಿಟ್ಟು ಅವರಿಗೆ ಬೆನ್ನು ತಿರುಗಿಸಿ ನಿಂತಿದ್ದಳು.

"ಹಲೋ? ಹೌದು, ನಾನೇ. ಟ್ರೇಲರ್ ತರೋದು ಬೇಡ... ಇಲ್ಲ, ಬೇರೆಯವರಿಗೆ ಕೊಡ್ತಿಲ್ಲ. ಯಾರಿಗೂ ಕೊಡ್ತಿಲ್ಲ... ನೆಗಡಿ, ಇನ್ನೇನು, ಹುಲ್ಲಿನ ಧೂಳು." ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. "ಯಾಕೆ ಅಂದ್ರೆ ಹೇಗೆ ಹೇಳೋದಪ್ಪಾ ನಿಂಗೆ. ನನ್ನ ತಮ್ಮ ಇದಾನಲ್ಲ..."

ಅಕ್ಕ ಮುಂದೆ ಏನು ಹೇಳಿದಳೆಂದು ಆಲ್ಡನ್ ಕೇಳಿಸಿಕೊಳ್ಳಲಿಲ್ಲ. ಅವನು ಮತ್ತೆ ಜಲ್ಲಿಯ ನಡುವೆ ಕುಳಿತಿದ್ದ. ಹದಿಮೂರರಲ್ಲಿ ಒಂದು ನಕ್ಷತ್ರವನ್ನು ಉಗುರಿನಿಂದ ಕೆರೆದು ನೋಡಿದ. ಬೂದು ಬಣ್ಣ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದು, ಕಲ್ಲೇ ಆಗಿಬಿಟ್ಟಿತ್ತು. ಉಗುರು ಸವೆಯಿತು, ಅದು ಬಿಡಲಿಲ್ಲ.